ಮೊಲದ ಸಹವಾಸಕ್ಕೆ ಬಿದ್ದ ಹರಕೆ ಹುಂಜ

ಪಾಳ್ಯದ ಕಡೆ ನಾಲ್ಕು ಜನ ಸೇರಿದರೆ ಯಾರ ತೋಟಕ್ಕೆ ಆನೆ ನುಗ್ಗಿತು ಎಂಬುದೇ ಮಾತು. ನಮ್ಮ ಮನೆಗೆ ಆ ಗೌರವ ಇನ್ನೂ ಸಿಕ್ಕಿಲ್ಲ. ನಮಗೆ ಗಂಟುಬಿದ್ದಿರುವುದು ಒಂದು ಕಾಡುಮೊಲ. ಅದರ ದೆಸೆಯಿಂದ ವಾರಕ್ಕೊಂದು ರಾಮಾಯಣ ತಪ್ಪಿದ್ದಲ್ಲ.

ಹಿತ್ತಿಲಲ್ಲಿ ನಮ್ಮ ಅತ್ತೆಯ ಹತ್ತು ಹ್ಯಾಟೆ ಕೋಳಿ, ಒಂದು ಕೆಂಪು ಹುಂಜ. ಮೆಣಸು ಕೊಯ್ಯುವಾಗ ನಮ್ಮ ಯಜಮಾನರು ಏಣಿಯಿಂದ ಬಿದ್ದು ಕಾಲು ಉಳುಕಿಸಿಕೊಂಡಾಗ, "ಮಗನ ಕಾಲು ನೆಟ್ಟಗಾದ್ರೆ ಹುಂಜ ಒಪ್ಪಿಸ್ತೀನಿ ತಾಯಿ" ಎಂದು ಅತ್ತೆ ಊರಮ್ಮನಿಗೆ ಹರಕೆ ಹೊತ್ತರು. ಕಾಲು ಎಂಟೇ ದಿನಕ್ಕೆ ನೆಟ್ಟಗಾಯಿತು. ಪೂಜೆಗೆ ಇನ್ನೂ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಹುಂಜನ ಒಂದು ಪುಕ್ಕವೂ ಉದುರಬಾರದು ಎಂದು ಅಪ್ಪಣೆಯಾಯಿತು. ಅತ್ತೆ ದಿನಾ ಅಂಗೈಯಲ್ಲೇ ಅಕ್ಕಿನುಚ್ಚು ತಿನ್ನಿಸಿದರು. ದಿನ ಹತ್ತಿರ ಬಂದ ಹಾಗೆ, ಯಾರಾದರೂ ಹರಕೆಯ ಮಾತೆತ್ತಿದರೆ ಯಾಕೋ ಸಿಡುಕತೊಡಗಿದರು.

ಬೂದು ಹ್ಯಾಟೆ

ಅತ್ತೆಯ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿ ವರ್ಷವಾಯಿತು. "ಪೊರೆನೂ ಇಲ್ಲ, ಗಿರೆನೂ ಇಲ್ಲ. ನಂಗೆ ಎಲ್ಲಾ ಕಾಣ್ತೈತೆ" ಎನ್ನುವುದು ಅತ್ತೆಯ ತೀರ್ಪು.

ಒಂದು ಬೆಳಿಗ್ಗೆ ಕೋಳಿಗಳಿಗೆ ಕೋಸಿನ ಎಲೆ ಹಾಕುತ್ತಾ ಕೇಳಿದರು. "ಏನೇ, ಈ ಬೂದು ಹ್ಯಾಟೆ ಯಾವಾಗ ತಂದ್ರಿ?"

"ಅತ್ತೆ, ಅದು ಮೊಲ."

ಅತ್ತೆ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. "ಅದ್ಕೇ ಮತ್ತೆ! ಹದಿನೈದು ದಿನದಿಂದ ತಿಂತಾನೇ ಐತೆ, ಒಂದು ಮೊಟ್ಟೆ ಇಟ್ಟಿಲ್ಲವಲ್ಲ ಅಂತ ದಿನಾ ಬೈತಿದ್ದೆ."

ಸಾಕ್ಷಿ

ಬೇಲಿಯಾಚೆ ಮನೆಯಾಕೆ ಬೆಳ್ಳಂಬೆಳಿಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ದೊಡ್ಡವ್ವ, ನಿಮ್ಮ ಹುಂಜ ನಮ್ಮ ಹುರುಳಿಕಾಯಿ ಸಸಿ ಎಲ್ಲಾ ತಿಂದ್ಬುಡ್ತು."

"ಕೋಳಿ ಆದ್ರೆ ಕೆರೀತದೆ ಕಣವ್ವ" ಎಂದರು ಅತ್ತೆ. "ಕತ್ತರಿ ಹಾಕ್ದಂಗೆ ಹೋಗಿದ್ರೆ ಅದು ಮೊಲದ ಕೆಲ್ಸ."

"ಮೊಲ ಅಂತೆ! ಎಲ್ಲೈತೆ ತೋರ್ಸಿ."

ಕಾಲೇಜಿನಲ್ಲಿ ಪಾಠ ಹೇಳುವವಳು ನಾನು, ಆಧಾರವಿಲ್ಲದೆ ಮಾತಾಡಲಾರೆ. ಅವಳ ಪಾತಿಯಿಂದಲೇ ಮೊಲದ ಹಿಕ್ಕೆ ಆರಿಸಿ, ಕಾಫಿ ಎಲೆಯ ಮೇಲಿಟ್ಟು, ಪ್ರಸಾದದ ಹಾಗೆ ಮುಂದೆ ಹಿಡಿದೆ. ಅವಳು ಬಗ್ಗಿ ನೋಡಿದಳು.

"ಮೊಲದ್ದೇ, ಸರಿ. ಅದು ತಿಂಡಿ ತಿನ್ನಕ್ಕೆ ಬರೋದು ನಿಮ್ಮ ಮನೆಗೇ ತಾನೆ?"

"ಹೌದು" ಎಂದೆ.

"ಹಂಗಾದ್ರೆ ಅದೂ ನಿಮ್ದೇ. ಊಟ ನಿಮ್ಮನೇಲಿ, ಎಲೆಅಡಿಕೆ ನಮ್ಮನೇಲಾ?" ಎಂದವಳು, ಹೋಗುವಾಗ ತಿರುಗಿ, "ಹುಂಜ ಇನ್ನೊಂದ್ಸಲ ಈ ಕಡೆ ಕಾಲಿಟ್ರೆ ಸಾರಿಗೇ ಹೋಗೋದು, ಹೇಳಿದ್ದೀನಿ" ಎಂದಳು.

ಮಂಕರಿ

ಅವತ್ತಿನಿಂದ ಹುಂಜನಿಗೆ ಬಂದೋಬಸ್ತು. ಸಂಜೆಯಾಗುತ್ತಲೇ ಅದರ ಮೇಲೆ ಬಿದಿರಿನ ಮಂಕರಿ ಕವುಚಿ ಕಲ್ಲು ಹೇರುವ ಕೆಲಸ ಯಜಮಾನರದು.

ಅಷ್ಟರಲ್ಲಿ ಹುಂಜ ಮೊಲದಿಂದ ಒಂದು ವಿದ್ಯೆ ಕಲಿತಿತ್ತು. ಹದ್ದು ಹಾರಿದರೆ ಹ್ಯಾಟೆಗಳೆಲ್ಲ ಕೂಗಿಕೊಂಡು ಓಡುತ್ತವೆ. ಮೊಲ ಮಾತ್ರ ಇದ್ದಲ್ಲೇ ನೆಲಕ್ಕಂಟಿ ಕಲ್ಲಿನ ಹಾಗೆ ಕೂರುತ್ತದೆ. ನೋಡಿ ನೋಡಿ ಹುಂಜನೂ ಅದರ ಪಕ್ಕ ಹಾಗೇ ಮುದುರಿ ಕೂರಲು ಶುರು ಮಾಡಿತ್ತು. ಹೀಗಾಗಿ ಒಂದು ಸಂಜೆ ಮಬ್ಬಿನಲ್ಲಿ, ಕರಿಬೇವಿನ ಬುಡದಲ್ಲಿ ಮುದುರಿ ಕೂತಿದ್ದರ ಮೇಲೆ ಯಜಮಾನರು ಮಂಕರಿ ಮುಚ್ಚಿ, ಕೈ ತೊಳೆದು, ಟೀವಿ ಮುಂದೆ ಕೂತರು.

ಬೆಳಿಗ್ಗೆ ಹುಂಜನ ಕೂಗು ಕೇಳಿತು. ಅತ್ತೆ ಹಲ್ಲುಜ್ಜುತ್ತಿದ್ದವರು ನಿಲ್ಲಿಸಿದರು. "ಏನೋ ಇದು, ಮಂಕರಿ ಇಲ್ಲೈತೆ, ಕೂಗು ಆಚೆಮನೆ ಮಾಡಿನ ಮೇಲಿಂದ ಬತ್ತೈತೆ?"

ಮಂಕರಿ ಎತ್ತಿದ್ದೇ ತಡ, ಮೊಲ ಅತ್ತೆಯ ಕಾಲ ಸಂದಿಯಿಂದಲೇ ನುಗ್ಗಿ ತೋಟಕ್ಕೆ ಹಾರಿತು.

"ನಾನು ಮುಚ್ಚಿದಾಗ ಹುಂಜನೇ ಇತ್ತು ಕಣವ್ವ" ಎಂದರು ಯಜಮಾನರು.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಬರೀ ಕಾಲಿಗೆ ಹರಕೆ ಹೊತ್ತೆ ಕಣೋ. ಕಣ್ಣಿಗೂ ಸೇರ್ಸಿ ಹೊತ್ಕೋಬೇಕಿತ್ತು."

ಒಪ್ಪಿಗೆ

ಕೊನೆಗೂ ಪೂಜೆಯ ದಿನ ಬಂತು. ನಮ್ಮಲ್ಲಿ ಹರಕೆ ಹುಂಜನ ಮೇಲೆ ತೀರ್ಥ ಹಾಕುತ್ತಾರೆ. ಅದು ಮೈ ಕೊಡವಿದರೆ ಅಮ್ಮ ಒಪ್ಪಿದಳು ಅಂತ. ಆಮೇಲೆ ಮಿಕ್ಕಿದ್ದು ಸಾರಿನ ವಿಚಾರ. ಕೊಡವದಿದ್ದರೆ ಹುಂಜನನ್ನು ಮುಟ್ಟುವ ಹಾಗಿಲ್ಲ.

ಪೂಜಾರಿ ಒಂದು ಉದ್ಧರಣೆ ತೀರ್ಥ ಹಾಕಿದರು. ಹುಂಜ ತಟ್ಟನೆ ನೆಲಕ್ಕಂಟಿ ಕೂತಿತು. ಇನ್ನೊಂದು ಹಾಕಿದರು. ರೆಪ್ಪೆ ಕೂಡ ಮಿಟುಕಲಿಲ್ಲ. ಮೂರನೆಯ ಸಲ ತಂಬಿಗೆಯನ್ನೇ ಬಗ್ಗಿಸಿದರು. ಮೊಲದ ಶಿಷ್ಯ ಹಂದಲಿಲ್ಲ.

"ಏನೋ ಮೈಲಿಗೆಯಾಗೈತೆ" ಎಂದರು ಪೂಜಾರಿ. "ಯಾರಾದ್ರೂ ಇದರ ಮೇಲೆ ಆಸೆ ಪಟ್ಟಿದ್ರಾ?"

ಅತ್ತೆಯ ಕತ್ತು ಪೂಜೆಗೆ ಬಂದಿದ್ದ ಬೇಲಿಯಾಚೆಯವಳ ಕಡೆ ತಿರುಗಿತು. ಪಾಪ, ಅವಳು ಕೆನ್ನೆ ಕೆನ್ನೆ ಬಡಿದುಕೊಂಡು, "ಸಾರು ಅಂತ ಬಾಯ್ತಪ್ಪಿ ಅಂದೆ ತಾಯಿ" ಎಂದು ಅಡ್ಡಬಿದ್ದಳು. ಹುಂಜ ಅದಕ್ಕೂ ಜಗ್ಗಲಿಲ್ಲ.

ಪೂಜಾರಿ ಕೈಚೆಲ್ಲಿದರು. "ಅಮ್ಮ ಒಪ್ತಿಲ್ಲ ಕಣವ್ವ. ಒಂದು ಕಾಯಿ ಒಡೆದು, ಇದನ್ನ ಅವಳ ಹೆಸರಲ್ಲಿ ಬುಟ್ಬುಡಿ. ಇನ್ನು ಇದನ್ನ ಯಾರೂ ಅಟ್ಟಂಗಿಲ್ಲ, ಬಯ್ಯಂಗಿಲ್ಲ." ಬೇಲಿಯಾಚೆಯವಳ ಮುಖ ನೋಡಬೇಕಿತ್ತು. ಅವಳ ಹುರುಳಿಕಾಯಿ ದೇವರಿಗೇ ಮೀಸಲಾಗಿತ್ತು.

ಆಟೋದಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅತ್ತೆ ಹುಂಜನನ್ನು ಮಡಿಲಿಂದ ಇಳಿಸಲಿಲ್ಲ. ಹಿತ್ತಿಲಲ್ಲಿ ಮೊಲ ಕೋಸಿನ ಎಲೆ ಮೆಲ್ಲುತ್ತಿತ್ತು. ಅತ್ತೆ ಹುಂಜನನ್ನು ಅದರ ಪಕ್ಕ ಬಿಟ್ಟರು.

ಹುಂಜ ಎದ್ದು ನಿಂತಿತು. ಆ ಕಡೆ ಈ ಕಡೆ ನೋಡಿತು. ಆಮೇಲೆ ಜುಟ್ಟಿನಿಂದ ಬಾಲದವರೆಗೆ ಎಂಥಾ ಕೊಡವು ಕೊಡವಿತೆಂದರೆ, ಮೂರು ಸಲದ ತೀರ್ಥವೂ ನಮ್ಮಿಬ್ಬರ ಮುಖಕ್ಕೆ ಎರಚಿತು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಡಾಕ್ಟ್ರು ಹೇಳಿದ್ದು ದಿಟ ಕಣೇ" ಎಂದರು. "ನಂಗೆ ಪೊರೆ ಬಂದೈತೆ. ಏನೇನೂ ಕಾಣಲ್ಲ."