ಕೀಮೋ ಗುಂಡಿಯಿಲ್ಲದ ಟೋಕನ್ ಯಂತ್ರದವರಿಗೆ

ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ದ್ವಾರಪಾಲಕರಂತೆ ನಿಂತಿರುವ ಮಾನ್ಯರೇ,

ತಾವು ಬಿಸಿಯಾಗದೆ ಕ್ಷೇಮವಾಗಿದ್ದೀರೆಂದು ನಂಬಿ, ಮೈ ಕಾದುಹೋಗಿದ್ದ ನನ್ನ ಅಕ್ಕನ ಪರವಾಗಿ ಈ ದೂರನ್ನು ವಿನಯದಿಂದ ಸಲ್ಲಿಸುತ್ತಿದ್ದೇನೆ.

ಅಕ್ಕ ಬಸ್ ಕಂಡಕ್ಟರ್. ಇಪ್ಪತ್ತು ವರ್ಷ ಊರಿನವರನ್ನೆಲ್ಲ ‘ಮುಂದೆ ನಡೀರಿ’ ಎಂದು ಗದರಿದವಳು, ಎರಡನೆಯ ಕೀಮೋ ಆದ ಹತ್ತನೆಯ ದಿನ ಬೆಳಿಗ್ಗೆ ನೂರಾ ಒಂದು ಡಿಗ್ರಿ ಜ್ವರ ಹೊತ್ತು ತಮ್ಮ ಮುಂದೆ ಕೈಕಟ್ಟಿ ನಿಂತಳು. ತಮ್ಮ ಎದೆಯ ಮೇಲೆ ನಾಲ್ಕೇ ಗುಂಡಿ: ಪೆಟ್ಟು, ಎದೆನೋವು, ಜ್ವರ, ಇತರೆ. ಜ್ವರ ಒತ್ತಿದೆವು. ಅರವತ್ತೆರಡನೆಯ ನಂಬರನ್ನು ದಯಪಾಲಿಸಿದಿರಿ. ಒಳಗೆ ಹದಿನೆಂಟು ನಡೆಯುತ್ತಿತ್ತು. ‘ಜ್ವರ ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ ಕಾಯಬೇಡಿ, ಇದನ್ನು ತೋರಿಸಿ’ ಎಂದು ಕೀಮೋ ವಾರ್ಡಿನವರು ಬರೆದುಕೊಟ್ಟಿದ್ದ ಚೀಟಿಯನ್ನು ತಮ್ಮ ಮುಖಕ್ಕೇ ಹಿಡಿದೆ. ತಮಗೆ ಕಣ್ಣಿಲ್ಲವೆಂಬುದು ಆಮೇಲೆ ಹೊಳೆಯಿತು. ಕಣ್ಣಿದ್ದ ಗುಮಾಸ್ತರು ಅದನ್ನೆತ್ತಿ ಚೀಟಿ ನೋಡದೆ, ‘ಮಷೀನ್ ಕೊಟ್ಟಿದ್ದೇ ಫೈನಲ್ಲು’ ಎಂದರು. ರೋಗವನ್ನು ತಡೆಯುವ ಬಿಳಿ ರಕ್ತಕಣಗಳೇ ಬರಿದಾಗಿದ್ದವಳನ್ನು ಇಬ್ಬರು ಕೆಮ್ಮುವವರ ನಡುವೆ ಕೂರಿಸಿ, ಊರಿನ ಸಕಲ ರೋಗಾಣುಗಳ ಪರಿಚಯ ಮಾಡಿಸಿದ ತಮ್ಮ ಆತಿಥ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಮುಕ್ಕಾಲು ಗಂಟೆ ಕಳೆಯಿತು. ನೆಲ ಒರೆಸುತ್ತಿದ್ದ ಹೆಂಗಸೊಬ್ಬರು, ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಗಡಗಡ ನಡುಗುತ್ತಿದ್ದ ಅಕ್ಕನನ್ನು ಕಂಡು ನಿಂತರು.

‘ಕೀಮೋ ಆಗಿದೆಯೇನಮ್ಮಾ? ಎಷ್ಟು ದಿನ ಆಯ್ತು?’

‘ಹತ್ತು.’

‘ಅಯ್ಯೋ, ಏಳಿ ಏಳಿ! ನಮ್ಮನೆಯವರಿಗೂ ಹಿಂಗೇ ಆಗಿತ್ತು!’

ಚೀಟಿ ಕಿತ್ತುಕೊಂಡು, ಒರೆಸುವ ಕೋಲನ್ನು ತಮಗೇ ಒರಗಿಸಿ, ಒಳಗೆ ನುಗ್ಗಿದರು. ನರ್ಸಮ್ಮ ಓಡಿಬಂದರು. ರಕ್ತ ತೆಗೆದು, ವರದಿಗೂ ಕಾಯದೆ ಆಂಟಿಬಯಾಟಿಕ್ ಏರಿಸಿದರು. ವರದಿ ಬಂದಾಗ ಬಿಳಿ ರಕ್ತಕಣಗಳು ಹೆಸರಿಗೆ ಮಾತ್ರ ಇದ್ದವು. ‘ಮಧ್ಯಾಹ್ನದ ತನಕ ಕೂತಿದ್ದಿದ್ರೆ ಕಷ್ಟ ಇತ್ತು’ ಎಂದರು ಡಾಕ್ಟರು. ಅಕ್ಕ ಮಾತ್ರ, ‘ನನ್ನ ಬಸ್ಸಲ್ಲಿ ಹುಷಾರಿಲ್ದೋರನ್ನ ನಾನು ಇಷ್ಟು ಕಾಯ್ಸಿಲ್ಲ’ ಎಂದು ಗೊಣಗಿ ಕಣ್ಣು ಮುಚ್ಚಿದಳು. ಆರನೆಯ ದಿನ ಮನೆಗೆ ಬಂದಳು.

ಆದ್ದರಿಂದ ತಾವು ಕೃಪೆಮಾಡಿ ‘ಕೀಮೋ’ ಎಂಬ ಐದನೆಯ ಗುಂಡಿಯನ್ನು ಮೈಮೇಲೆ ಬೆಳೆಸಿಕೊಳ್ಳಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಆ ಹೆಂಗಸಿಗೆ ತಮ್ಮ ಜಾಗ ಬಿಟ್ಟುಕೊಟ್ಟು, ನೆಲ ಒರೆಸುವ ಕೆಲಸವನ್ನು ತಾವೇ ವಹಿಸಿಕೊಳ್ಳಬೇಕೆಂದು ಪ್ರಾರ್ಥಿಸುವ,

ಆ ಅಕ್ಕನ ತಮ್ಮ, ಹಾಗೂ
ತಮ್ಮ ವಿಶ್ವಾಸಿ

ಮರೆತ ಮಾತು: ಮುಂದಿನ ಕೀಮೋ ಸೋಮವಾರ. ತಮ್ಮ ಪ್ಲಗ್ಗು ಎಡಗಡೆಯ ಗೋಡೆಯಲ್ಲಿ, ಕೈಗೆಟುಕುವಷ್ಟು ಎತ್ತರದಲ್ಲೇ ಇದೆಯೆಂದು ಅಕ್ಕ ಡಿಸ್ಚಾರ್ಜಿನ ದಿನ ನೋಡಿಟ್ಟುಕೊಂಡು ಬಂದಿದ್ದಾಳೆ.