ಹಿಂದಿ ಬಿಟ್ಟು ಇಂಜಿನ್ ಹಿಡಿದವಳು

ನಾನು ಹಿಂದಿ ಮಾಸ್ಟ್ರು. ವರ್ಷ ವರ್ಷವೂ ಜೂನ್ ಬಂತೆಂದರೆ ಹತ್ತನೆಯ ತರಗತಿಯ ಮಕ್ಕಳು ನನ್ನ ಕೈಯಿಂದಲೇ ಅರ್ಜಿ ತುಂಬಿಸಿಕೊಂಡು ನನ್ನ ವಿಷಯವನ್ನು ಬಿಟ್ಟು ಹೋಗುತ್ತಾರೆ. ಇಂಥದ್ದು ಬೇರೆ ಯಾರ ನೌಕರಿಯಲ್ಲಿಯೂ ನಡೆಯಲಿಕ್ಕಿಲ್ಲ.

ನಮ್ಮದು ಗುರುವಾಯನಕೆರೆಯಿಂದ ಸ್ವಲ್ಪ ಒಳಗೆ ಇರುವ ಒಂದು ಸರಕಾರಿ ಪ್ರೌಢಶಾಲೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಆಟೊಮೊಬೈಲ್ ಎಂಬ ವಿಷಯ ಬಂತು. ಒಂಬತ್ತರಲ್ಲಿ ಹಿಂದಿಯನ್ನೂ ಅದನ್ನೂ ಕಲಿತ ಮಕ್ಕಳು ಹತ್ತಕ್ಕೆ ಬಂದ ಮೇಲೆ ಎರಡರಲ್ಲಿ ಯಾವುದರ ಪರೀಕ್ಷೆ ಬರೆಯುತ್ತೇವೆ ಎಂದು ಬರೆದುಕೊಡಬೇಕು. ಆಟೊಮೊಬೈಲ್ ಅಂತ ಬರೆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದಿಯ ಜಾಗದಲ್ಲಿ ಅದು ಬಂದು ಕೂತುಕೊಳ್ಳುತ್ತದೆ. ಎಂಟು ಒಂಬತ್ತರ ಮಕ್ಕಳು ಇರುವುದರಿಂದ ನನ್ನ ಹೊಟ್ಟೆಪಾಡಿಗೇನೂ ತೊಂದರೆ ಇಲ್ಲ. ತೊಂದರೆ ಆದದ್ದು ನನ್ನ ಅಭಿಮಾನಕ್ಕೆ. ಅದಕ್ಕೆ ಅತಿ ಹೆಚ್ಚು ತೊಂದರೆ ಕೊಟ್ಟವಳು ಒಬ್ಬ ಹುಡುಗಿ. ಅವಳ ಆ ಒಂದು ವರ್ಷದ ಕಥೆಯನ್ನೇ ಹೇಳುತ್ತೇನೆ.

ಕಾರಣ ಬರೆಯಿರಿ

ಅರ್ಜಿ ತುಂಬಿಸುವ ಕೆಲಸ ನನಗೇ ಯಾಕೆ ಎಂದು ಹೆಡ್ ಮೇಡಂ ಹತ್ತಿರ ಕೇಳಿದೆ. ನಿಮ್ಮ ಅಕ್ಷರ ಚಂದ ಉಂಟಲ್ಲ ಸರ್, ಎಂದರು. ಹೊಗಳಿದರೆ ನಾನು ಬೀಳುತ್ತೇನೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಹುಡುಗರು ಸಾಲಾಗಿ ಬಂದು ಆಟೊಮೊಬೈಲ್ ಬರೆಸಿಕೊಂಡು ಹೋದರು. ಅವರ ಬಗ್ಗೆ ನನಗೇನೂ ಬೇಸರ ಇಲ್ಲ. ಅವರು ಹಿಂದಿ ಬಿಟ್ಟದ್ದರಿಂದ ಹಿಂದಿಗೇ ಸ್ವಲ್ಪ ಉಸಿರಾಡುವ ಹಾಗಾಯಿತು. ಆದರೆ ಸಾಲಿನ ಕೊನೆಯಲ್ಲಿ ನಿಂತಿದ್ದವಳನ್ನು ನೋಡಿ ನನ್ನ ಪೆನ್ನು ನಿಂತಿತು. ನನ್ನ ಅತ್ಯುತ್ತಮ ವಿದ್ಯಾರ್ಥಿನಿ. ಬೆಳ್ತಂಗಡಿಯ ತಾಲೂಕು ಮಟ್ಟದ ಹಿಂದಿ ಭಾಷಣದಲ್ಲಿ ಎರಡು ಸಲ ಬಹುಮಾನ ತಂದವಳು.

ನೆರಿಯದಿಂದ ದಿನಾ ಬಾಡಿಗೆ ಜೀಪಿನಲ್ಲಿ ಬರುವ ಹುಡುಗಿ. ಕಾಡಿನ ಬದಿಯ ಆ ದಾರಿಯಲ್ಲಿ ಜೀಪು ಕೆಟ್ಟು ನಿಂತಾಗ ಉಳಿದ ಮಕ್ಕಳು ಗೇರುಹಣ್ಣು ಹೆಕ್ಕಲು ಹೋದರೆ ಇವಳು ಡ್ರೈವರಿನ ಪಕ್ಕದಲ್ಲಿ ನಿಂತು ಬಾನೆಟ್ಟಿನ ಒಳಗೆ ತಲೆ ಹಾಕುತ್ತಿದ್ದಳಂತೆ. ತರಗತಿಯಲ್ಲಿ ಆಟೊಮೊಬೈಲಿಗೆ ಹೆಸರು ಕೊಟ್ಟ ಹೆಣ್ಣುಮಗಳು ಅವಳೊಬ್ಬಳೇ. ನಾಳೆ ಯೋಚಿಸಿ ಬಾ ಎಂದು ಕಳಿಸಿದೆ. ಸಂಜೆ ಬೆಲ್ ಆಗುವ ಮೊದಲೇ ಯೋಚಿಸಿ ಬಂದಳು.

ಅರ್ಜಿಯಲ್ಲಿ 'ವಿಷಯ ಬದಲಾವಣೆಗೆ ಕಾರಣ' ಎಂದು ಒಂದು ಸಾಲು ಇತ್ತು. ಹುಡುಗರೆಲ್ಲ ಅಲ್ಲಿ 'ಆಸಕ್ತಿ' ಎಂದು ಬರೆಸಿದ್ದರು. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಬರೆದಳು: "ಹಿಂದಿ ನನಗೆ ಇಷ್ಟ. ಹಿಂದಿ ಸರ್ ಕೂಡ ಒಳ್ಳೆಯವರು. ಆದರೂ."

ನನ್ನ ಇಡೀ ಸೇವೆಯ ಬಗ್ಗೆ ಇಷ್ಟು ಚುಟುಕಾಗಿ ಯಾವ ಇನ್‌ಸ್ಪೆಕ್ಟರೂ ಷರಾ ಬರೆದಿಲ್ಲ.

ಗಲ್ಫಿನ ವಾಯ್ಸ್

ಅರ್ಜಿಗೆ ಹೆತ್ತವರ ಸಹಿ ಬೇಕು. ಮರುದಿನ ಅವಳ ಅಮ್ಮ ಬಂದರು, ಅಪ್ಪನೂ ಬಂದರು. ಅಮ್ಮ ಪೆನ್ನು ಮುಟ್ಟಲಿಲ್ಲ. ನನ್ನ ಅಣ್ಣನನ್ನು ಕೇಳದೆ ಆಗ್ಲಿಕ್ಕಿಲ್ಲ ಸರ್, ಎಂದರು. ನಮ್ಮ ಕಡೆಯ ಬಂಟರ ಮನೆಗಳಲ್ಲಿ ಮಕ್ಕಳ ವಿಷಯದಲ್ಲಿ ಅಮ್ಮನ ಅಣ್ಣ, ಅಂದರೆ ಸೋದರಮಾವ, ಹೇಳಿದ್ದೇ ಕೊನೆಯ ಮಾತು. ಆ ಮಾವನಿಗೆ ಮಸ್ಕತ್ತಿನಲ್ಲಿ ಹೋಟೆಲು.

ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಪಾಪ ಎಂದು ನಾನೇ ನಿಮ್ಮ ಅಭಿಪ್ರಾಯ ಏನು ಎಂದು ವಿಚಾರಿಸಿದೆ. ನನ್ನದೆಂತ ಸರ್, ನನ್ನ ಅಕ್ಕನ ಮಕ್ಕಳಿಗೆ ಯಾವ ಕಾಲೇಜು ಎಂದು ಈಗಷ್ಟೇ ನಾನು ಹೇಳಿ ಬಂದೆ, ಎಂದರು. ಇಲ್ಲಿ ಸುಮ್ಮನೆ ಕೂರುವವರೆಲ್ಲ ಇನ್ನೊಂದು ಮನೆಯಲ್ಲಿ ಸುಪ್ರೀಂ ಕೋರ್ಟು.

ಅಮ್ಮ ವಾಟ್ಸ್ಯಾಪಿನಲ್ಲಿ ವಿಷಯ ಹೇಳಿದರು. ಹತ್ತು ನಿಮಿಷದಲ್ಲಿ ಮಾವನ ವಾಯ್ಸ್ ಮೆಸೇಜು ಬಂತು. ಸ್ಟಾಫ್ ರೂಮಿನವರೆಲ್ಲ ಉತ್ತರಪತ್ರಿಕೆ ತಿದ್ದುವ ಹಾಗೆ ಮಾಡಿ ಕಿವಿ ಇತ್ತ ಕೊಟ್ಟರು. ಹೆಣ್ಣುಮಗುವಿಗೆ ಗ್ರೀಸು ಆಯಿಲು ಎಂತಕ್ಕೆ, ಹಿಂದಿ ಇರಲಿ, ನಾಳೆ ಗಲ್ಫಿಗೆ ಬಂದರೆ ಹಿಂದಿ ಬೇಕಾಗ್ತದೆ, ಎಂದು ಮಾವ ಹೇಳಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮಸ್ಕತ್ತಿನಲ್ಲಾದರೂ ನನ್ನ ವಿಷಯಕ್ಕೆ ಬೆಲೆ ಉಂಟಲ್ಲ.

ಹುಡುಗಿ ಅಮ್ಮನ ಕೈಯಿಂದ ಫೋನು ತೆಗೆದುಕೊಂಡಳು. ಕಿಟಕಿಯ ಹತ್ತಿರ ಹೋಗಿ ಎರಡು ನಿಮಿಷ ಮಾವನಿಗೆ ಉತ್ತರ ಕೊಟ್ಟಳು, ಇಡೀ ಉತ್ತರ ಹಿಂದಿಯಲ್ಲಿ. ಎಂಥ ಹಿಂದಿ! ಭಾಷೆಯನ್ನು ನಾನು ಕಲಿತಾಗಿದೆ, ಕಲಿಯದೆ ಇರುವುದನ್ನು ಕಲಿಯಲು ಅಪ್ಪಣೆ ಕೊಡಿ ಎಂದು ಅದರ ಸಾರ. ಒಂದು ತಪ್ಪು ಹುಡುಕುವ ಎಂದು ನಾನು ಕಾದು ಕೂತೆ, ಸಿಗಲಿಲ್ಲ.

ಅರ್ಧ ಗಂಟೆ ಕಳೆದು ಮಾವನ ಎರಡನೆಯ ವಾಯ್ಸ್ ಬಂತು. "ನೀನು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥ ಆಯ್ತು ಮಗಾ, ಉಳಿದರ್ಧ ನಮ್ಮ ಬಿಹಾರದ ಕುಕ್ಕಿಗೆ ಅರ್ಥ ಆಯ್ತು. ಹಿಂದಿ ಸಾಕು ನಿನಗೆ."

ಅಷ್ಟಕ್ಕೇ ಬಿಡುವ ಮಾವನಲ್ಲ. ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ರಜೆಯಲ್ಲಿ ಬಂದು ಕಣ್ಣಾರೆ ನೋಡುತ್ತೇನೆ, ಸರಿ ಕಾಣದಿದ್ದರೆ ಹತ್ತರ ನಂತರ ಮೆಷಿನಿನ ಸುದ್ದಿ ಎತ್ತದೆ ನಾನು ಹೇಳಿದ ಕಾಲೇಜಿನಲ್ಲಿ ಕಾಮರ್ಸ್ ಸೇರಬೇಕು ಎಂದರು. ಹುಡುಗಿ ಒಪ್ಪಿದಳು, ಅಮ್ಮ ಸಹಿ ಹಾಕಿದರು. ಹಿಂದಿಯನ್ನು ಬಿಡಲಿಕ್ಕೆ ಹಿಂದಿಯನ್ನೇ ಇಷ್ಟು ಚಂದ ಮಾಡಿ ಬಳಸಿದ್ದು ಕಂಡು, ಇವಳಿಗೆ ಕಲಿಸಿದವ ಯಾವನಪ್ಪಾ ಎಂದು ನನಗೆ ನಾನೇ ಬೈದುಕೊಂಡೆ.

ಮೇಡಂನ ಸ್ಕೂಟರು

ಆಟೊಮೊಬೈಲ್ ಕಲಿಸಲು ಬರುವವರು ಮೂಡಬಿದಿರೆ ಕಡೆಯ ಯುವಕ. ಪಾಠಕ್ಕೆ ಗಾಡಿ ಬೇಕು ಎಂದು ಅವರು ಕೇಳಿದಾಗ ಹೆಡ್ ಮೇಡಂ ತಮ್ಮ ಹಳೆಯ ಸ್ಕೂಟರನ್ನು ಧಾರಾಳವಾಗಿ ಕೊಟ್ಟರು. ಅದು ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತಿತ್ತು. ಮಕ್ಕಳ ಕಲಿಕೆಯೂ ಆಯಿತು, ರಿಪೇರಿಯೂ ಆಯಿತು ಎಂಬುದು ಅವರ ಲೆಕ್ಕಾಚಾರ.

ಹನ್ನೊಂದು ಗಂಟೆಗೆ ಸ್ಕೂಟರು ಜಗಲಿಯ ಉದ್ದಕ್ಕೂ ಚೂರು ಚೂರಾಗಿ ಮಲಗಿತ್ತು. ಹನ್ನೊಂದೂಕಾಲಕ್ಕೆ ಬೆಳ್ತಂಗಡಿಯ ಆಫೀಸಿನಿಂದ ತುರ್ತು ಮೀಟಿಂಗಿಗೆ ಕರೆ. ಮೇಡಂ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದವರು ಜಗಲಿಯನ್ನು ನೋಡಿ ಕಂಬ ಹಿಡಿದುಕೊಂಡರು. ಹೊರಟಿರಾ ಎಂದು ಆಫೀಸಿನಿಂದ ಪುನಃ ಫೋನು ಬಂತು. ಸ್ಕೂಟರಿನ ಹತ್ತಿರವೇ ಇದ್ದೇನೆ ಸರ್, ಎಂದರು. ಅದು ಸತ್ಯವೇ.

ಹುಡುಗರಿಗೆ ಗಾಬರಿ ಹತ್ತಿತು. ಇದು ಅಲ್ಲಿ, ಅದು ಇಲ್ಲಿ ಎಂದು ನಟ್ಟು ಬೋಲ್ಟು ಎತ್ತಿ ಗಲಾಟೆ ಸುರು ಮಾಡಿದರು. ನಮ್ಮ ಹುಡುಗಿ ಮಾತ್ರ ಯಾರೂ ಮುಟ್ಟಬೇಡಿ ಎಂದು ಹೇಳಿ ಸಾಲಿನ ತುದಿಗೆ ಹೋಗಿ ಕೂತಳು. ಬಿಚ್ಚುವಾಗಲೇ ಅವಳು ಒಂದೊಂದು ಬಿಡಿಭಾಗದ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಿಂದಿ ಅಂಕೆ ಬರೆದಿಟ್ಟಿದ್ದಳು. ಉಳಿದವರು ಹಿಂದಿ ಬಿಟ್ಟ ಖುಷಿಯಲ್ಲಿ ಆ ಅಂಕೆಗಳನ್ನು ಜೂನಿನಲ್ಲಿಯೇ ಮರೆತಿದ್ದರಿಂದ ಯಾರೂ ಅದರ ಮೇಲೆ ತಕರಾರು ಎತ್ತುವ ಹಾಗಿರಲಿಲ್ಲ. ಕೊನೆಯ ಅಂಕೆಯಿಂದ ಹಿಂದೆ ಹಿಂದೆ ಬರುತ್ತಾ, ಹುಡುಗರಿಗೆ ಒಂದೊಂದೇ ಭಾಗ ಕೊಟ್ಟು ಜೋಡಣೆ ಮಾಡಿಸಿದಳು. ಆಟೊಮೊಬೈಲ್ ಸರ್ ಪಕ್ಕದಲ್ಲಿ ನಿಂತು ನೋಡಿದರೇ ಹೊರತು ಬಾಯಿ ಹಾಕಲಿಲ್ಲ. ನಾನೂ ಪೀರಿಯಡ್ ಬಿಟ್ಟು ನೋಡುತ್ತಾ ನಿಂತೆ, ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ.

ಸ್ಕೂಟರು ಒಂದೇ ಒತ್ತಿಗೆ ಸ್ಟಾರ್ಟ್ ಆಯಿತು. ಮೇಡಂ ಹೊರಡುವ ಮೊದಲು ನನ್ನ ಹತ್ತಿರ ನಿಲ್ಲಿಸಿ ಮೆಲ್ಲ ಹೇಳಿದರು, "ಮಕ್ಕಳು ಹಿಂದಿ ಬಿಟ್ಟರು ಎಂದು ಬೇಜಾರು ಮಾಡಬೇಡಿ ಸರ್. ನಿಮ್ಮ ಹಿಂದಿ ಈಗ ನನ್ನ ಗಾಡಿಯ ಒಳಗೆ ಉಂಟು."

ಮಡಂತ್ಯಾರಿನ ಗ್ಯಾರೇಜು

ಮಕ್ಕಳು ತಿಂಗಳಿಗೊಂದು ದಿನ ನಿಜವಾದ ಗ್ಯಾರೇಜಿನಲ್ಲಿ ಕಳೆಯಬೇಕೆಂದು ನಿಯಮ. ಮಡಂತ್ಯಾರಿನಲ್ಲಿ ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ, ಗಟ್ಟಿ ಕೈ, ಸಣ್ಣ ಬಾಯಿ. ಬೆಳಿಗ್ಗೆ ಎಲ್ಲರನ್ನೂ ಅಲ್ಲಿ ಬಿಟ್ಟು ಬಂದೆ. ಹುಡುಗಿ ಇದ್ದಾಳೆ ಎಂದು ಅವರು ಮುಂಚೆಯೇ ಸ್ಟೂಲಿನ ಮೇಲೆ ಒಗೆದ ಟವೆಲು ಹಾಸಿದ್ದರು. ಅವಳು ಟವೆಲನ್ನು ಮಡಚಿ ಬದಿಗಿಟ್ಟು ಲಾರಿಯ ಅಡಿಗೆ ನುಗ್ಗಿದಳಂತೆ.

ಮಧ್ಯಾಹ್ನ ಅವರ ಫೋನು ಬಂತು. ಏನಾದರೂ ಹಾಳು ಮಾಡಿದಳಾ ಎಂದು ಕೇಳಿದೆ. ಹಾಳು ಮಾಡಲಿಲ್ಲ ಸರ್, ಆದರೆ ಪ್ರತಿಯೊಂದಕ್ಕೂ ಯಾಕೆ ಹೀಗೆ, ಯಾಕೆ ಹಾಗೆ ಎಂದು ಕೇಳ್ತಾಳೆ, ಇಷ್ಟು ವರ್ಷ ನಾನು ಕೈಗೆ ಬಂದ ಹಾಗೆ ಮಾಡಿಕೊಂಡು ಬಂದವ, ಯಾಕೆ ಎಂದು ಯಾವ ಗಿರಾಕಿಯೂ ಕೇಳಿದ್ದಿಲ್ಲ, ಎಂದು ಗೋಳು ತೋಡಿಕೊಂಡರು. ಹಾಗಾದರೆ ಇನ್ನು ಕಳಿಸುವುದಿಲ್ಲ ಬಿಡಿ, ಎಂದೆ.

ಅವರು ಅವಸರದಲ್ಲಿ ಹೇಳಿದರು, "ಕಳಿಸಿ ಮಾರಾಯ್ರೆ. ಬರುವಾಗ ಅವಳ ಆಟೊಮೊಬೈಲ್ ಪಾಠದ ಪುಸ್ತಕ ತರಲಿಕ್ಕೆ ಹೇಳಿ. ನನಗೂ ಈಗ ಯಾಕೆ ಅಂತ ಸುರು ಆಗಿದೆ."

ಗಿರಾಕಿ

ಪ್ರಾಯೋಗಿಕ ಪರೀಕ್ಷೆಯ ದಿನ ಬಂತು. ಬಂಟ್ವಾಳದಿಂದ ಪರೀಕ್ಷಕರು ಬಂದರು. ಹೇಳಿದ ಮಾತಿನಂತೆ ಮಸ್ಕತ್ತಿನಿಂದ ಮಾವನೂ ಬಂದರು, ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀ. ಜಗಲಿಯಲ್ಲಿ ಕುರ್ಚಿ ಹಾಕಿಕೊಟ್ಟೆವು. ಕೈ ಕಟ್ಟಿ ಕೂತರು. ಹುಡುಗಿ ಒಮ್ಮೆ ಅತ್ತ ನೋಡಿ ಮತ್ತೆ ನೋಡಲಿಲ್ಲ. ಕಾಮರ್ಸೋ ಮೆಷಿನೋ ಎಂಬುದು ಅವತ್ತು ತೀರ್ಮಾನ ಆಗುವುದಿತ್ತು.

ಕೊನೆಯ ಪರೀಕ್ಷೆ ಗಿರಾಕಿಯೊಡನೆ ವ್ಯವಹಾರ. ಗಾಡಿಯ ದೋಷ ಹುಡುಕಿದ್ದಕ್ಕೆ ಒಂದಷ್ಟು ಅಂಕ, ಗಿರಾಕಿಗೆ ಬೇಸರವಾಗದ ಹಾಗೆ ವಿವರಿಸಿದ್ದಕ್ಕೆ ಒಂದಷ್ಟು ಅಂಕ. ಬರಬೇಕಾಗಿದ್ದ ಗಿರಾಕಿ ಬರಲಿಲ್ಲ. ಹೆಡ್ ಮೇಡಂ ತಕ್ಷಣ ನನ್ನನ್ನು ಮುಂದೆ ತಳ್ಳಿದರು. ನನ್ನ ಕಾರು ನಿಜವಾಗಿಯೂ ಕಾಯಿಲೆಯಲ್ಲಿತ್ತು. ಏರು ಹತ್ತುವಾಗ ದಮ್ಮು ಇಲ್ಲ, ಒಂದು ನಮೂನೆಯ ಸುಟ್ಟ ವಾಸನೆ. ವರ್ಷದಲ್ಲಿ ಎರಡು ಸಲ ಕ್ಲಚ್ ಪ್ಲೇಟ್ ಬದಲಾಯಿಸಿದ್ದೆ. ಕಂಪನಿಯವರ ಕಳಪೆ ಮಾಲು ಎಂದು ಗಿರಾಕಿಯ ಗತ್ತಿನಲ್ಲಿ ದೂರು ಕೊಟ್ಟೆ.

ಅವಳು ಎಲ್ಲವನ್ನೂ ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿಯ ದೂರು ದೋಷ ಬರೆಯುವ ಚೀಟಿಯಲ್ಲಿ, ಬರೆದುಕೊಂಡಳು. ಆಮೇಲೆ, ಒಂದು ರೌಂಡ್ ಹೋಗುವ ಸರ್, ಎಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಪರೀಕ್ಷಕರು ಹಿಂದೆ ಕೂತರು. ಗೇಟಿನ ಏರು ಹತ್ತಿ ಇಳಿದು ಬಂದೆವು. ದಾರಿಯುದ್ದಕ್ಕೂ ಅವಳು ಇಂಜಿನಿಗೆ ಕಿವಿ ಕೊಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೆಳಗೆ ನೋಡುತ್ತಿದ್ದಳು. ವಾಪಸು ಬಂದು ಬಾನೆಟ್ ತೆರೆದಳು, ಪರಿಶೀಲಿಸಿದಳು, ಮುಚ್ಚಿದಳು. ಆಮೇಲೆ ಕಾರ್ಡಿನಲ್ಲಿ ಒಂದು ಸಾಲು ಬರೆದು ನನ್ನ ಮುಖ ನೋಡಿದಳು.

ಎರಡು ವರ್ಷ ಪಾಠ ಮಾಡಿದವನಿಗೆ ಆ ಮುಖ ಓದಲು ಬರುತ್ತದೆ. ಉತ್ತರ ಸಿಕ್ಕಿದೆ, ಹೇಳಲಿಕ್ಕೆ ಕಷ್ಟ. ಹೇಳಿದರೆ ಗಿರಾಕಿಗೆ ಬೇಸರ, ಹೇಳದಿದ್ದರೆ ಸುಳ್ಳು. ಎದುರಿಗೆ ಇರುವುದು ತನ್ನದೇ ಮಾಸ್ಟ್ರು, ಜಗಲಿಯಲ್ಲಿ ಮಾವ. ಹೇಳು ಮಗಾ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ.

"ಸರ್, ನಿಮ್ಮ ಗಾಡಿಗೆ ಏನೂ ಆಗಿಲ್ಲ," ಎಂದಳು. "ನಿಮ್ಮ ಎಡಗಾಲಿಗೆ ಸ್ವಲ್ಪ ವಿಶ್ರಾಂತಿ ಕೊಡಬೇಕು. ಅದು ದಾರಿಯುದ್ದಕ್ಕೂ ಕ್ಲಚ್ಚಿನ ಮೇಲೆಯೇ ಇತ್ತು."

ಜಗಲಿಯಲ್ಲಿ ಯಾರೋ ಕೆಮ್ಮಿದರು. ಗಿರಾಕಿಗೆ ಬೇಸರ ಆದರೆ ಏನು ಮಾಡ್ತೀರಿ ಎಂದು ಪರೀಕ್ಷಕರು ಕೇಳಿದರು. "ಬೇಸರ ಆಗ್ತದೆ ಸರ್. ಆದರೆ ಹೊಸ ಪ್ಲೇಟ್ ಹಾಕಿದರೆ ಅದನ್ನೂ ಸುಡ್ತಾರೆ, ಆಗ ಇನ್ನೂ ಬೇಸರ ಆಗ್ತದೆ," ಎಂದಳು. ಪರೀಕ್ಷಕರು ಜಾಬ್ ಕಾರ್ಡನ್ನು ನನ್ನ ಕಡೆ ಚಾಚಿದರು. 'ದೋಷ' ಎಂಬಲ್ಲಿ ಚಂದದ ಅಕ್ಷರದಲ್ಲಿ 'ಚಾಲಕರ ಅಭ್ಯಾಸ' ಎಂದಿತ್ತು. ಗಿರಾಕಿ ಎಂಬಲ್ಲಿ ನಾನು ಸಹಿ ಹಾಕಿದೆ. ನಾಚಿಕೆಯೂ ಆಯಿತು, ಅದರ ಎರಡರಷ್ಟು ಹೆಮ್ಮೆಯೂ ಆಯಿತು. ಪರೀಕ್ಷಕರು ಅಂಕದ ಹಾಳೆಯನ್ನು ಮಡಚಿ ಕಿಸೆಗೆ ಹಾಕಿ ಅವಳ ಕೈ ಕುಲುಕಿದರು.

ಮಾವ ಎದ್ದು ನನ್ನ ಹತ್ತಿರ ಬಂದರು. ಹಿಂದಿ ಸರ್ ಹತ್ತಿರವೇ ಇಷ್ಟು ಧೈರ್ಯದಲ್ಲಿ ಮಾತಾಡಿದವಳನ್ನು ಕಾಮರ್ಸಿಗೆ ಹಾಕಿದರೆ ಬ್ಯಾಂಕಿನವರಿಗೆ ಕಷ್ಟ ಎಂದರು. ಆಮೇಲೆ ದನಿ ತಗ್ಗಿಸಿ, "ಮೂಡಬಿದಿರೆಯಲ್ಲಿ ಡಿಪ್ಲೊಮಾ ಉಂಟಲ್ಲ, ಅರ್ಜಿ ಯಾವಾಗ ಕೊಡ್ತಾರೆ ಸರ್?" ಎಂದು ಕೇಳಿದರು. ನಾನೇ ತುಂಬಿಸಿಕೊಡ್ತೇನೆ, ನನ್ನ ಅಕ್ಷರ ಚಂದ ಉಂಟು, ಎಂದೆ.

ಹುಡುಗಿ ಕುಣಿಯುತ್ತಾ ಹೋಗಿ ಮಾವನ ಕಾರಿನ ಮುಂದಿನ ಬಾಗಿಲಿಗೆ ಕೈ ಹಾಕಿದಳು. ಮಸ್ಕತ್ತಿನಲ್ಲಿ ಮಾವ ಓಡಿಸುವುದು ಕ್ಲಚ್ ಇಲ್ಲದ ಕಾರು, ಊರಿನದ್ದು ಹಾಗಲ್ಲ. ಅವರು ಒಂದು ಕ್ಷಣ ಯೋಚಿಸಿ, ನೀನು ಹಿಂದೆ ಕೂತುಕೋ ಮಗಾ, ಮುಂದೆ ಕೂತರೆ ನಿನಗೆ ನನ್ನ ಕಾಲು ಕಾಣ್ತದೆ, ಎಂದರು.