ಮಾವನ ಕೆಮ್ಮು ಹೋದ ಮ್ಯಾಲ

ನಮ್ಮ ಸೋದರಮಾವ ಬೆಟಗೇರ್ಯಾಗ ಮನಿ ಬಿಟ್ಟರಂದ್ರ ಗದಗಿನ ಬಸ್‌ಸ್ಟ್ಯಾಂಡಿಗೆ ಖಬರ ಮುಟ್ಟತಿತ್ತು. ಸ್ವಲ್ಪ ಉಪ್ಪು ಖಾರ ಹಚ್ಚೇನಿ, ಒಪ್ಪತೀನಿ. ಆದರ ಅವರ ಕೆಮ್ಮು ಕೇಳಿದವರು, ಇಷ್ಟು ಕಡಿಮಿ ಯಾಕ ಹೇಳಿದಿ ಅಂತ ನನ್ನನ್ನ ಬೈತಾರ.

ನಮ್ಮ ಕಡೆ ಹಿರ್ಯಾರು ಹೊಸ್ತಿಲ ದಾಟೂಕಿಂತ ಮದಲ ಒಮ್ಮೆ ಕೆಮ್ಮೂದು ಪದ್ಧತಿ, ಒಳಗಿನ ಹೆಣ್ಣಮಕ್ಕಳು ಸೆರಗು ಸರಿ ಮಾಡಿಕೊಳ್ಳಲಿ ಅಂತ. ಮಾವ ಅದನ್ನ ಓಣಿ ತುದಿಯಿಂದನ ಶುರು ಮಾಡತಿದ್ರು. ಅವರ ಹೆಂಡತಿ, ಅಂದ್ರ ನಮ್ಮ ಅತ್ತಿ, ಕಣ್ಣು ಕಾಣದಂಗಾಗಿ ಭಾಳ ವರ್ಷ ಆತು. ಕೆಮ್ಮು ಕೇಳಿದ್ದ ತಡ ಚಾಕ್ಕ ನೀರಿಡತಿದ್ಲು. ಮಾವ ಹಿತ್ತಲದಾಗ ಅದಾರೋ, ಪಡಸಾಲ್ಯಾಗ ಅದಾರೋ, ಎಲ್ಲಾ ಕೆಮ್ಮಿನ ಮ್ಯಾಲೇ ಹೇಳತಿದ್ಲು.

ಮಾವಂದು ಬರೇ ಪದ್ಧತಿ ಕೆಮ್ಮಲ್ಲ, ಖರೇನ ಬಿಡದ ಕೆಮ್ಮು; ಔಷಧಕ್ಕ ಅವರು ತಿರುಗದ ಊರಿಲ್ಲ. ಲಕ್ಷ್ಮೇಶ್ವರದಾಗ ಯಾರೋ ಜೇಷ್ಠಮಧು ಅಂದ್ರು, ಶಿರಹಟ್ಟ್ಯಾಗ ಶುಂಠಿ ಅಂದ್ರು, ಮುಂಡರಗ್ಯಾಗ "ಮಾತು ಕಡಿಮಿ ಮಾಡ್ರಿ" ಅಂದ್ರು. ಮುಂಡರಗಿ ಬಸ್ಸು ಮತ್ತ ಹತ್ತಲಿಲ್ಲ.

ಕಡೀಕ ಗದಗಿನ ಒಬ್ಬ ಡಾಕ್ಟರಮ್ಮ ಎದಿ ಫೋಟೊ ನೋಡಿ, "ಎದಿ ಸ್ವಚ್ಛ ಐತಿ. ಬಿಪಿಗೆ ಯಾವ ಗುಳಿಗಿ ತೊಗೋತೀರಿ?" ಅಂದ್ರು.

"ನಾ ಕೆಮ್ಮಿಗೆ ಬಂದೀನ್ರೀ, ಬಿಪಿಗಲ್ಲ."

"ಮದಲ ಕೆಮ್ಮಂದ್ರ ಬರೇ ಎದಿ ನೋಡತಿದ್ವಿ. ಗಂಟಲಿನ ನರನೂ ಸಣ್ಣದಕ್ಕೆಲ್ಲ ಸಿಟ್ಟಿಗೇಳತಾವು ಅನ್ನೂದು ಈಗ ತಿಳದೈತಿ. ಕೆಲವರಿಗೆ ಈ ಬಿಪಿ ಗುಳಿಗಿನ ಅವನ್ನ ಕೆಣಕತೈತಿ," ಅಂತ ಹೇಳಿ ಗುಳಿಗಿ ಬದಲಿ ಮಾಡಿದ್ರು. ತಿಂಗಳೊಪ್ಪತ್ತಿನಾಗ ಕೆಮ್ಮು ಮಾಯ.

ಮನಿ ಮಂದಿಗೆಲ್ಲ ಖುಷಿ, ಅತ್ತಿ ಒಬ್ಬಾಕಿಗೆ ಮಾತ್ರ ಚಡಪಡಿಕಿ ಹತ್ತಿತು.

"ಎಲ್ಲಿ ಅದೀರಿ?"

"ಇಲ್ಲೇ ಅದೀನಿ."

ಘಳಿಗಿ ಬಿಟ್ಟು ಮತ್ತ, "ಅದೀರೇನು?" ಗ್ವಾಡಿ ಹಿಡಕೊಂಡು ಪಡಸಾಲಿಗೆ ಬರೂದು, ಮಾವನ ಭುಜ ಮುಟ್ಟಿ ನೋಡೂದು, ವಾಪಸ್ ಹೋಗೂದು. ಕುಂತಲ್ಲಿ ಕುಂಡ್ರಲಿಲ್ಲ. ಚಾ ಉಕ್ಕಿತು, ರೊಟ್ಟಿ ಹೊತ್ತಿತು. ಹಿಂಗ ಹುಡುಕ್ಕೋಂತ ಒಂದಿನ ಹೊಸ್ತಿಲ ಎಡವಿ ಬಿದ್ದಳು. ಅವತ್ತು ಮಾವ ಊಟ ಮಾಡಲಿಲ್ಲ.

ಮೊನ್ನೆ ಮಧ್ಯಾಹ್ನ ನಾ ಹೋದಾಗ ಓಣಿ ತುದ್ಯಾಗ ಅದೇ ಹಳೇ ಕೆಮ್ಮು! ಓಡಿ ಹೋಗಿ, "ಮಾವಾ, ಮತ್ತ ಶುರುವಾತೇನ್ರೀ?" ಅಂದೆ.

ಮಾವ ಬಾಯಿ ಮ್ಯಾಲ ಬೆರಳಿಟ್ಟರು. "ಸುಮ್ನಿರಲೇ. ಗಂಟಲು ಬೆಣ್ಣಿಯಂಗೈತಿ. ನಿಮ್ಮತ್ತಿಗೆ ನಾ ಎಲ್ಲಿ ಅದೀನಿ ಅಂತ ಗೊತ್ತಾಗಬೇಕಲ್ಲ?"

ಅವರಿಗಿಂತ ಮದಲ ನಾ ಒಳಗ ಹೋದೆ. ಅತ್ತಿ ಚಾಕ್ಕ ನೀರಿಟ್ಟು, ನಿರಾಳಾಗಿ ಮೆಂತೆಪಲ್ಲೆ ಸೋಸಾಕ ಕುಂತಿದ್ಲು.

"ಮಾವಗ ಕೆಮ್ಮು ಮತ್ತ ಬಂತು, ಪಾಪ," ಅಂದೆ, ಏನೂ ಅರಿಯದವರಂಗ.

ಅತ್ತಿ ದನಿ ಸಣ್ಣ ಮಾಡಿದ್ಲು. "ಸುಳ್ಳ ಕೆಮ್ಮು ಅದು. ಇಷ್ಟು ವರ್ಷ ಕೇಳೀನಿ, ನನಗ ಅಷ್ಟೂ ತಿಳಿಯೂದಿಲ್ಲೇನು? ಅವರ ಮುಂದ ಹೇಳಬ್ಯಾಡ ಮತ್ತ. ನನ್ನ ಸಲುವಾಗಿ ಕೆಮ್ಮತಾರ."